ಚಿತ್ರವನ್ನು ತೋರುವವನ ಹೊಣೆ

ಛಾಯಾಚಿತ್ರವನ್ನು ತೆಗೆಯುವುದು ಒಂದು ಕಾರ್ಯ. ತೆಗೆದುದನ್ನು ನಾಲ್ಕು ಜನರ ಮುಂದೆ ಇಡುವುದು ಮತ್ತೊಂದು ಕಾರ್ಯ. ಮೊದಲನೆಯದನ್ನು ಕುರಿತು ಬೇಕಾದಷ್ಟು ವಿಚಾರ ನಡೆದಿದೆ; ಬೆಳಕನ್ನು ಅಳೆಯುವ ಕ್ರಮ, ಲೆನ್ಸುಗಳ ಗುಣ, ಚೌಕಟ್ಟಿನೊಳಗಣ ವಸ್ತುವಿನ್ಯಾಸ, ಇವನ್ನು ಬೋಧಿಸುವ ಗ್ರಂಥಗಳಿಗೂ ಗುರುಗಳಿಗೂ ಕೊರತೆಯಿಲ್ಲ. ಎರಡನೆಯದು ವಿಚಾರಕ್ಕೆ ಯೋಗ್ಯವಾದ ಕಾರ್ಯವೆಂಬ ಭಾವನೆ ಮಾತ್ರ ನಮ್ಮಲ್ಲಿ ಇನ್ನೂ ನೆಲೆಗೊಂಡಂತೆ ಕಾಣುವುದಿಲ್ಲ. ಮೊಬೈಲಿನ ಪರದೆಯನ್ನು ಬೆರಳು ಒಮ್ಮೆ ಸೋಕಿದರೆ ಚಿತ್ರವು ಸಾವಿರಾರು ಜನರ ಕಣ್ಣೆದುರಿಗೆ ಹೋಗಿ ನಿಲ್ಲುವ ಈ ಕಾಲದಲ್ಲಿ, ಹಾಗೆ ಸೋಕುವುದಕ್ಕೆ ಮುಂಚೆ ಮನಸ್ಸಿನಲ್ಲಿ ಏನೇನು ನಡೆದಿರಬೇಕು ಎಂಬ ಪ್ರಶ್ನೆಯನ್ನು ಅಂತರ್ಜಾಲದ ಛಾಯಾಗ್ರಾಹಕ ಬಳಗಗಳಲ್ಲಿ ಇರತಕ್ಕವರೆಲ್ಲ ಕೇಳಿಕೊಳ್ಳುವುದು ಅವಶ್ಯವೆಂದು ನನಗೆ ತೋರುತ್ತದೆ. ತೋರಿಸುವುದರಲ್ಲಿ ಸಂಯಮವುಳ್ಳವನೇ ನೋಡುವವರಿಗೆ ಏನನ್ನಾದರೂ ಕೊಡಬಲ್ಲನೆಂದೂ, ಆ ಸಂಯಮವು ಕಲೆಯ ಒಂದು ಅಂಗವೇ ಹೊರತು ಕಲೆಗೆ ಹೊರಗಿನಿಂದ ಬಂದ ನಿರ್ಬಂಧವಲ್ಲವೆಂದೂ ನಾನು ನಂಬಿದ್ದೇನೆ.

ಫಿಲ್ಮಿನ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲವಾದರೆ ಅದಕ್ಕೆ ಅಂದಿನವರ ವಿವೇಕವೇ ಕಾರಣವೆಂದು ಭಾವಿಸತಕ್ಕದ್ದಲ್ಲ. 120 ಸಂಖ್ಯೆಯ ಒಂದು ರೋಲಿನಲ್ಲಿ ಚೌಕಾಕಾರದ ಚಿತ್ರಗಳು 12, ಮೂವತ್ತೈದು ಮಿಲಿಮೀಟರಿನ ರೋಲಿನಲ್ಲಿ 36. ಅವನ್ನು ತೊಳೆದು ಒಣಗಿಸಿ, ಕತ್ತಲೆ ಕೋಣೆಯಲ್ಲಿ ಎನ್‌ಲಾರ್ಜರಿನ ಕೆಳಗೆ ಕಾಗದವನ್ನಿಟ್ಟು, ಒಂದೊಂದು ಪ್ರಿಂಟಿಗೂ ಬೆಳಕಿನ ಅವಧಿಯನ್ನು ಪರೀಕ್ಷಿಸಿ ನೋಡಿ, ಆಮೇಲೆ ಅದನ್ನು ಗಟ್ಟಿ ರಟ್ಟಿಗೆ ಅಂಟಿಸಿ ಪ್ರದರ್ಶನಕ್ಕೆ ಅಂಚೆಯಲ್ಲಿ ಕಳುಹಿಸುವಷ್ಟರಲ್ಲಿ ಹಣವೂ ಶ್ರಮವೂ ಹೇರಳವಾಗಿ ವೆಚ್ಚವಾಗುತ್ತಿದ್ದುದರಿಂದ, ನೂರರಲ್ಲಿ ತೊಂಬತ್ತೈದು ಚಿತ್ರಗಳು ತಾವಾಗಿಯೇ ಹಿಂದೆ ಉಳಿಯುತ್ತಿದ್ದವು. ಆರಿಸುತ್ತಿದ್ದುದು ಹಣದ ಚೀಲ. ಮನಸ್ಸು ಅದಕ್ಕೆ ಸಮ್ಮತಿಯನ್ನು ಕೊಡುತ್ತಿತ್ತು. ಈಗ ಆ ವೆಚ್ಚವು ಇಲ್ಲವೆನ್ನುವಷ್ಟು ಕಡಮೆಯಾಗಿದೆ. ಒಂದು ಸಂಜೆ ಕೆರೆಯ ಏರಿಯ ಮೇಲೆ ಕುಳಿತವನು ಎಂಟುನೂರು ಚಿತ್ರಗಳನ್ನು ತೆಗೆಯಬಹುದು, ರಾತ್ರಿ ಊಟಕ್ಕೆ ಮೊದಲು ಅವುಗಳಲ್ಲಿ ಎಂಬತ್ತನ್ನು ಲೋಕಕ್ಕೆ ತೋರಿಸಲೂಬಹುದು. ಬಡತನವು ಮಾಡುತ್ತಿದ್ದ ಆಯ್ಕೆಯನ್ನು ಇನ್ನು ಮುಂದೆ ಬುದ್ಧಿಯೇ ಮಾಡಬೇಕಾಗಿದೆ. ಇದು ನಷ್ಟವೆಂದು ನಾನು ಹೇಳಲಾರೆ. ಅನಿವಾರ್ಯತೆಯಿಂದ ಬಂದ ಮಿತಕ್ಕಿಂತ ಇಚ್ಛೆಯಿಂದ ಬಂದ ಮಿತವು ಹೆಚ್ಚು ಬೆಲೆಯುಳ್ಳದ್ದು; ಆದರೆ ಅದನ್ನು ಯಾರೂ ನಮ್ಮ ಕೈಗೆ ತಂದು ಕೊಡುವುದಿಲ್ಲ, ಅಭ್ಯಾಸದಿಂದ ಸಂಪಾದಿಸಿಕೊಳ್ಳಬೇಕು.

ಆಯ್ಕೆಯೆಂಬುದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ರಾಬರ್ಟ್ ಫ್ರಾಂಕ್ ಒಳ್ಳೆಯ ನಿದರ್ಶನ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದ ಈತನು 1955ರಲ್ಲಿ ಗುಗನ್‌ಹೈಮ್ ಪ್ರತಿಷ್ಠಾನದ ವೇತನವನ್ನು ಪಡೆದು, ಹಳೆಯದೊಂದು ಕಾರಿನಲ್ಲಿ ಆ ದೇಶವನ್ನೆಲ್ಲ ಸುತ್ತಿ, ಸುಮಾರು 27,000 ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಸಾವಿರದಷ್ಟನ್ನು ಚಿಕ್ಕ ಪ್ರಿಂಟುಗಳಾಗಿ ಮಾಡಿ, ಗೋಡೆಗೆ ಚುಚ್ಚಿ, ನೆಲದ ಮೇಲೆ ಹರಡಿ, ತಿಂಗಳುಗಟ್ಟಲೆ ಅವುಗಳ ನಡುವೆ ಓಡಾಡಿ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ, ಕೊನೆಗೆ 1958ರಲ್ಲಿ ಪ್ಯಾರಿಸಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಪ್ರಕಟವಾದ ‘ದಿ ಅಮೆರಿಕನ್ಸ್’ ಎಂಬ ಗ್ರಂಥಕ್ಕೆ ಅವನು ಉಳಿಸಿಕೊಂಡದ್ದು 83 ಚಿತ್ರಗಳನ್ನು. ಬಿಟ್ಟವುಗಳೆಲ್ಲ ಕೆಟ್ಟ ಚಿತ್ರಗಳಾಗಿದ್ದವೆಂದು ಊಹಿಸುವುದು ತಪ್ಪು. ಹೇಳಬೇಕಾದ ಮಾತಿಗೆ ಅವು ಬೇಕಾಗಿರಲಿಲ್ಲ, ಅಷ್ಟೆ. ಉಳಿದ ಎಂಬತ್ತಮೂರೂ ಒಂದರ ಅರ್ಥವನ್ನು ಮತ್ತೊಂದು ಹೊತ್ತು ಮುಂದಕ್ಕೆ ಸಾಗಿಸುವಂತೆ ಕುಳಿತಿರುವುದರಿಂದಲೇ, ಧ್ವಜ, ರಸ್ತೆ, ಹೋಟೆಲಿನ ಒಂಟಿ ಗಿರಾಕಿ, ಟ್ರಾಲಿಯ ಕಿಟಕಿಗಳಲ್ಲಿ ವರ್ಣಭೇದದಿಂದ ಬೇರೆಬೇರೆಯಾಗಿ ಕುಳಿತ ಮುಖಗಳು, ಇವೆಲ್ಲ ಸೇರಿ ಒಂದು ಸಮಾಜದ ಅಂತರಂಗವಾಗಿ ಪರಿಣಮಿಸುತ್ತವೆ. ಗ್ಯಾರಿ ವಿನೊಗ್ರಾಂಡ್ ಎಂಬ ಮತ್ತೊಬ್ಬ ಅಮೆರಿಕನ್ ಛಾಯಾಗ್ರಾಹಕನು ತಾನು ಬೀದಿಗಳಲ್ಲಿ ತೆಗೆದ ಫಿಲ್ಮನ್ನು ಒಂದೆರಡು ವರ್ಷ ತೊಳೆಯದೆಯೇ ಇಡುತ್ತಿದ್ದನು. ತೆಗೆದ ದಿನದ ಉತ್ಸಾಹವು ಚಿತ್ರದ ಗುಣವನ್ನು ಮರೆಮಾಡುತ್ತದೆಂದೂ, ಆ ದಿನವನ್ನು ಮರೆತ ಬಳಿಕ ಮಾತ್ರ ಚಿತ್ರವನ್ನು ಚಿತ್ರವಾಗಿ ನೋಡುವುದು ಸಾಧ್ಯವೆಂದೂ ಅವನ ಮತ. ಇಲ್ಲಿ ಒಂದು ಎಚ್ಚರಿಕೆಯೂ ಇದೆ. 1984ರಲ್ಲಿ ಅವನು ತೀರಿಕೊಂಡಾಗ ತೊಳೆಯದ ರೋಲುಗಳೇ ಸುಮಾರು 2,500 ಉಳಿದಿದ್ದವು; ತೊಳೆದೂ ಮುದ್ರಿಸಿ ನೋಡದವು ಇನ್ನೂ ಸಾವಿರಾರು. ತಡೆದು ನೋಡುವ ಸದ್ಗುಣವು ಎಂದೂ ನೋಡದಿರುವ ದುರಭ್ಯಾಸವಾಗಿ ಮಾರ್ಪಟ್ಟಾಗ, ಆರಿಸುವ ಹೊರೆ ಪರರ ತಲೆಯ ಮೇಲೆ ಬೀಳುತ್ತದೆ. ಆದರೂ ತೆಗೆದ ಚಿತ್ರವನ್ನು ಅದೇ ದಿನ ತೋರಿಸಬಾರದೆಂಬ ನಿಯಮವೊಂದನ್ನೇ ನಮ್ಮ ಛಾಯಾಗ್ರಾಹಕ ಬಳಗಗಳು ಅನುಸರಿಸಿದರೂ, ಅಲ್ಲಿ ಕಾಣಿಸಿಕೊಳ್ಳುವ ಚಿತ್ರಗಳಲ್ಲಿ ಅರ್ಧದಷ್ಟು ತಾವಾಗಿಯೇ ಹಿಂದೆ ಸರಿದಾವೆಂದು ನನ್ನ ನಂಬಿಕೆ.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಸ್ಥಳಕ್ಕೆ ಮಿತಿಯಿಲ್ಲದಿರುವಾಗ ಆರಿಸಿ ಏಕೆ ಇಡಬೇಕು? ಎಲ್ಲವನ್ನೂ ಇಟ್ಟರೆ ನೋಡುವವರೇ ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಕರ್ತೃವಿನ ಅಭಿರುಚಿಗಿಂತ ಬಹುಜನರ ಅಭಿರುಚಿ ಹೆಚ್ಚು ವಿಶ್ವಾಸಾರ್ಹವಲ್ಲವೆ? ಹೀಗೆ ಕೇಳುವವರಿಗೆ ನನ್ನ ಸಮಾಧಾನ ಇಷ್ಟು. ಬಹುಜನರು ಆರಿಸುವುದು ತಮಗೆ ಮೊದಲೇ ಪರಿಚಿತವಾದುದನ್ನು. ಕೈಯಗಲದ ಪರದೆಯ ಮೇಲೆ ಕ್ಷಣಮಾತ್ರ ನಿಂತು ಮೇಲಕ್ಕೆ ಸರಿದುಹೋಗುವ ಚಿತ್ರದಲ್ಲಿ, ಕೆಂಪು ಸೂರ್ಯಾಸ್ತವನ್ನೂ ಕೊಕ್ಕಿನಲ್ಲಿ ಮೀನು ಹಿಡಿದ ಮಿಂಚುಳ್ಳಿಯನ್ನೂ ಕಣ್ಣು ಕೂಡಲೇ ಗುರುತಿಸುತ್ತದೆ; ಬೂದುಬಣ್ಣದ ಗೋಡೆಯ ಬಳಿ ನಿಂತ ಮುದುಕಿಯ ಕೈಯ ಭಂಗಿಯನ್ನು ಗುರುತಿಸುವುದಕ್ಕೆ ಅರ್ಧ ನಿಮಿಷವಾದರೂ ಬೇಕು, ಆ ಅರ್ಧ ನಿಮಿಷವು ಅಲ್ಲಿ ದೊರೆಯುವುದಿಲ್ಲ. ಫೇಸ್‌ಬುಕ್ಕಿನಲ್ಲಿ 2009ರಲ್ಲಿ ಮೆಚ್ಚುಗೆಯ ಗುಂಡಿ ಬಂದಿತು, ಮರುವರ್ಷ ಇನ್‌ಸ್ಟಾಗ್ರಾಂ ಹುಟ್ಟಿತು. ಅಂದಿನಿಂದ ಚಿತ್ರದ ಕೆಳಗೆ ಒಂದು ಅಂಕಿ ಕಾಣಿಸಿಕೊಳ್ಳುವುದು ವಾಡಿಕೆಯಾಗಿ, ಆ ಅಂಕಿಯೇ ಚಿತ್ರದ ಯೋಗ್ಯತೆಯೆಂಬ ಭ್ರಮೆ ಎಳೆಯರ ಮನಸ್ಸಿನಲ್ಲಿ ಬೇರೂರಿದೆ. ಅದರ ನಿಜವಾದ ಹಾನಿ ನೋಡುವವರಿಗಿಂತ ತೆಗೆಯುವವನಿಗೆ ಹೆಚ್ಚು. ಕೆಲವು ತಿಂಗಳೊಳಗಾಗಿ ಅವನ ಕಣ್ಣು ತನಗೆ ಅರಿಯದಂತೆಯೇ ಆ ಅಂಕಿಯನ್ನು ತರುವ ವಸ್ತುಗಳನ್ನೇ ಹುಡುಕತೊಡಗುತ್ತದೆ; ಅವನು ಮಾತ್ರ ಕಾಣಬಲ್ಲ ವಸ್ತುವು ಅವನ ಎದುರಿಗೇ ಹಾದುಹೋದರೂ ಕ್ಯಾಮೆರಾ ಮೇಲೇಳುವುದಿಲ್ಲ. ಅಂಕಿಯಿಂದ ಯೋಗ್ಯತೆಯನ್ನು ಅಳೆಯಲಾಗದೆಂಬುದಕ್ಕೆ ಹಿಂದಿನ ಕಾಲದ ನಿದರ್ಶನವೊಂದಿದೆ. ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನಲ್ಲಿ 1903ರಿಂದ 1917ರವರೆಗೆ ನಡೆಸಿದ ‘ಕ್ಯಾಮೆರಾ ವರ್ಕ್’ ಪತ್ರಿಕೆಗೆ ಆರಂಭದಲ್ಲಿ ಸಾವಿರದಷ್ಟು ಚಂದಾದಾರರಿದ್ದು, ಕೊನೆಗೆ ನಲವತ್ತಕ್ಕಿಂತಲೂ ಕಡಮೆಯಾದರು. ಆ ಪತ್ರಿಕೆಯ ಸಂಚಿಕೆಯೊಂದರಲ್ಲಿ ಬರುತ್ತಿದ್ದ ಕೆಲವೇ ಚಿತ್ರಗಳು, ತೆಳುವಾದ ಜಪಾನೀ ಕಾಗದದ ಮೇಲೆ ಎಚ್ಚರದಿಂದ ಮುದ್ರಿತವಾಗಿ, ಕೈಯಿಂದ ಅಂಟಿಸಲ್ಪಟ್ಟಿರುತ್ತಿದ್ದವು. ಪಾಲ್ ಸ್ಟ್ರಾಂಡ್ ಎಂಬ ಛಾಯಾಗ್ರಾಹಕನ ಆರಂಭದ ಕೃತಿಗಳು ಲೋಕಕ್ಕೆ ಪರಿಚಿತವಾದದ್ದು ಚಂದಾದಾರರು ಹೀಗೆ ಕರಗಿಹೋಗಿದ್ದ ಆ ಕೊನೆಯ ಸಂಚಿಕೆಗಳ ಮೂಲಕವೇ. ಎಲೆಯ ತುಂಬ ರಾಶಿ ಹಾಕಿದ ಮಾತ್ರಕ್ಕೆ ಆತಿಥ್ಯವಾಗುವುದಿಲ್ಲ; ಉಣ್ಣುವವನ ಹಸಿವನ್ನೂ ರುಚಿಯನ್ನೂ ಗಮನಿಸಿ ಬಡಿಸುವವನ ಪಂಕ್ತಿಯಲ್ಲಿ ಕುಳಿತವರು ಆ ಊಟವನ್ನು ಬಹುಕಾಲ ನೆನೆಯುತ್ತಾರೆ.

ಬಳಗವೆಂದ ಮೇಲೆ ತೋರಿಸುವುದರೊಂದಿಗೆ ನೋಡುವ ಕರ್ತವ್ಯವೂ ಸೇರಿದೆ. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಒಂದು ಸೊಗಸಾದ ಪದ್ಧತಿಯಿತ್ತು. ಪ್ರಿಂಟುಗಳ ಪೆಟ್ಟಿಗೆಯೊಂದು ಸದಸ್ಯನಿಂದ ಸದಸ್ಯನಿಗೆ ಅಂಚೆಯಲ್ಲಿ ಸಾಗುತ್ತಿತ್ತು. ಪೆಟ್ಟಿಗೆ ಮನೆಗೆ ಬಂದಾಗ ಅದನ್ನು ತೆರೆದು, ಉಳಿದವರ ಒಂದೊಂದು ಚಿತ್ರವನ್ನೂ ಸಾವಕಾಶವಾಗಿ ನೋಡಿ ತನ್ನ ಅಭಿಪ್ರಾಯವನ್ನು ಬರೆದಿಟ್ಟು, ಹಿಂದಿನ ಸುತ್ತಿನಲ್ಲಿ ತಾನಿಟ್ಟಿದ್ದ ಪ್ರಿಂಟನ್ನು ಅದರ ಮೇಲೆ ಎಲ್ಲರೂ ಬರೆದ ಮಾತುಗಳೊಡನೆ ಹೊರತೆಗೆದುಕೊಂಡು, ಹೊಸದೊಂದನ್ನು ಇಟ್ಟು ಮುಂದಕ್ಕೆ ಕಳುಹಿಸಬೇಕು. ಒಂದನ್ನು ತೋರುವವನು ಹತ್ತನ್ನು ನೋಡಲೇಬೇಕಾಗಿದ್ದ ಆ ಏರ್ಪಾಡಿನಲ್ಲಿ ಬಹಳ ನ್ಯಾಯವಿತ್ತು. 2004ರಲ್ಲಿ ಆರಂಭವಾದ ಫ್ಲಿಕರಿನ ಅನೇಕ ಗುಂಪುಗಳು ಒಂದು ಚಿತ್ರವನ್ನು ಇಡುವವನು ಇತರರ ಎರಡೋ ಮೂರೋ ಚಿತ್ರಗಳಿಗೆ ಅಭಿಪ್ರಾಯ ಬರೆಯಬೇಕೆಂದು ವಿಧಿಸಿದುದು ಇದೇ ನ್ಯಾಯದ ನೆರಳು. ಆದರೆ ಬರೆಯಬೇಕೆಂಬ ಕಟ್ಟಳೆ ಇದ್ದಲ್ಲಿ ಬರವಣಿಗೆಯು ‘ಅದ್ಭುತ’, ‘ಸೂಪರ್’ ಎಂಬ ಒಂದೇ ಪದಕ್ಕೆ ಇಳಿದುಹೋಗುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಪ್ರಾಮಾಣಿಕವಾದ ಅಭಿಪ್ರಾಯದಲ್ಲಿ ಹೊಗಳಿಕೆಗಿಂತಲೂ ತೆಗಳಿಕೆಗಿಂತಲೂ ವರದಿಯ ಅಂಶ ಹೆಚ್ಚು: ನನ್ನ ಕಣ್ಣು ಮೊದಲು ಹೋದದ್ದು ಇಲ್ಲಿಗೆ, ಅಲ್ಲಿಂದ ಇಂಥ ಕಡೆಗೆ ಸರಿಯಿತು, ಮೂಲೆಯಲ್ಲಿದ್ದ ಆ ಬಿಳಿಯ ಚೀಲದ ಬಳಿ ನಿಂತುಬಿಟ್ಟಿತು, ಆ ಮುಖದವರೆಗೆ ತಲುಪಲೇ ಇಲ್ಲ. ಇಷ್ಟನ್ನು ಹೇಳಿದರೆ ಸಾಕು. ಮುಂದಿನ ಸಲ ಆ ಚೀಲವನ್ನು ಏನು ಮಾಡಬೇಕೆಂಬುದು ತೆಗೆದವನಿಗೆ ಗೊತ್ತಾಗುತ್ತದೆ.

ನಮ್ಮ ನಾಡಿಗೆ ಈ ವಿಷಯದಲ್ಲಿ ಹೆಮ್ಮೆಪಡತಕ್ಕ ಪರಂಪರೆಯೊಂದಿದೆ. ಭಾರತದ ಛಾಯಾಗ್ರಾಹಕ ಸಂಘಗಳ ಒಕ್ಕೂಟವು 1953ರಲ್ಲಿ ರೂಪುಗೊಂಡದ್ದು ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಪ್ರಯತ್ನದಿಂದ. 1971ರಲ್ಲಿ ಅದೇ ನಗರದಲ್ಲಿ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಹಿರಿಯ ಛಾಯಾಗ್ರಾಹಕ ಓ. ಸಿ. ಎಡ್ವರ್ಡ್ಸ್ ಅವರಲ್ಲಿ ಟಿ. ಎನ್. ಎ. ಪೆರುಮಾಳ್ ಕಲಿತರು, ಪೆರುಮಾಳರಲ್ಲಿ ಮುಂದಿನ ತಲೆಮಾರಿನವರು ಕಲಿತರು. ಹಿರಿಯನ ಎದುರಿಗೆ ಪ್ರಿಂಟನ್ನಿಟ್ಟು ಅವನು ಬಾಯಿ ತೆರೆಯುವವರೆಗೆ ಕಾಯುವುದೂ ಒಂದು ಶಿಕ್ಷಣವೇ. ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ಚಿನ್ನದ ಯುಗವೆಂದು ಚಿತ್ರಿಸಲು ನಾನು ಸಿದ್ಧನಿಲ್ಲ. ಕ್ಯಾಮೆರಾ ಎಂಬುದು ಆಗ ಅನುಕೂಲಸ್ಥರ ಸೊತ್ತು. ಸಂಡೂರಿನ ಅರಸುಮನೆತನದ ಎಂ. ವೈ. ಘೋರ್ಪಡೆಯವರಂಥವರಿಗೆ ಅದು ದೊರೆತಷ್ಟು ಸುಲಭವಾಗಿ ಸಾಮಾನ್ಯರ ಮಕ್ಕಳಿಗೆ ದೊರೆಯುತ್ತಿರಲಿಲ್ಲ. ಮಹಿಳೆಯರು ವಿರಳ. ಸಲಾನುಗಳೆಂಬ ಛಾಯಾಚಿತ್ರ ಪ್ರದರ್ಶನಗಳ ಅಭಿರುಚಿಯೂ ಎಷ್ಟೋ ವೇಳೆ ಸೂತ್ರಬದ್ಧವಾಗಿದ್ದು, ಮಂಜಿನಲ್ಲಿ ಸಾಗುವ ಕುರಿಮಂದೆಯನ್ನೂ ಇಳಿಬಿಸಿಲಿನಲ್ಲಿ ಕೊಡ ಹೊತ್ತ ಹೆಂಗಸನ್ನೂ ಬಿಟ್ಟು ಹೊರಗೆ ಬರಲು ಹಿಂಜರಿಯುತ್ತಿತ್ತು. ಇಂದು ಕೊಪ್ಪಳದ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಲಿಸ್ಬನ್ನಿನಲ್ಲಿರುವವನು ನೋಡಿ ಮಾತನಾಡಬಲ್ಲನೆಂಬುದು ಅಲ್ಪವಾದ ಸಂಗತಿಯಲ್ಲ. ಈ ತೆರವನ್ನು ಮುಚ್ಚಬೇಕೆಂಬ ಉದ್ದೇಶ ನನ್ನ ವಾದದಲ್ಲಿ ಲೇಶವೂ ಇಲ್ಲ. ಅಂಥ ಹುಡುಗಿಯ ಚಿತ್ರವು ಎಂಬತ್ತು ಚಿತ್ರಗಳ ಪ್ರವಾಹದಲ್ಲಿ ಕೊಚ್ಚಿಹೋಗದೆ ನೋಡುವವನೊಬ್ಬನನ್ನು ಪಡೆಯಲಿ ಎಂಬುದೇ ನನ್ನ ಕಾಳಜಿ.

ಇಷ್ಟರವರೆಗೆ ತೆಗೆಯುವವನನ್ನೂ ನೋಡುವವನನ್ನೂ ಕುರಿತು ಹೇಳಿದೆ. ಇವರಿಬ್ಬರ ನಡುವೆ ಮೂರನೆಯವರೊಬ್ಬರು ಯಾವಾಗಲೂ ಇದ್ದಾರೆ, ಚಿತ್ರದೊಳಗೆ ಸಿಕ್ಕಿದವರು. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ, ಬಟಾಣಿ ಬೆಳೆ ಹಿಮಕ್ಕೆ ಸಿಕ್ಕಿ ನಾಶವಾಗಿ ಕೂಲಿಯಿಲ್ಲದೆ ಕುಳಿತಿದ್ದ ವಲಸೆಗಾರರ ಬಿಡಾರದಲ್ಲಿ, ಡೊರೊಥಿಯ ಲ್ಯಾಂಗ್ ಎಂಬ ಛಾಯಾಗ್ರಾಹಕಿಯು ಹರಕು ಡೇರೆಯ ಕೆಳಗೆ ಮಕ್ಕಳೊಡನಿದ್ದ ಒಬ್ಬ ತಾಯಿಯ ಕೆಲವು ಚಿತ್ರಗಳನ್ನು ತೆಗೆದಳು. ಅವುಗಳಲ್ಲೊಂದು, ಗದ್ದಕ್ಕೆ ಕೈಯಿಟ್ಟು ದೂರಕ್ಕೆ ದೃಷ್ಟಿಯನ್ನು ಚಾಚಿದ ತಾಯಿ, ಅವಳ ಹೆಗಲಿಗೆ ಮುಖವನ್ನು ಮರೆಸಿಕೊಂಡ ಇಬ್ಬರು ಮಕ್ಕಳು, ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ಪ್ರಸಿದ್ಧವಾದ ಚಿತ್ರಗಳಲ್ಲಿ ಒಂದಾಯಿತು. ಕೆಲವೇ ದಿನಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಪತ್ರಿಕೆಯೊಂದರಲ್ಲಿ ಆ ಬಿಡಾರದ ಸುದ್ದಿ ಚಿತ್ರಸಹಿತವಾಗಿ ಪ್ರಕಟವಾಯಿತು. ಸರ್ಕಾರವು 20,000 ಪೌಂಡು ಆಹಾರವನ್ನು ಅಲ್ಲಿಗೆ ಕಳುಹಿಸಿತು. ಛಾಯಾಚಿತ್ರದಿಂದ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ಯಾರು ಅಪೇಕ್ಷಿಸಿಯಾರು? ಆದರೆ ಆ ಆಹಾರವು ಬರುವಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕರೆದುಕೊಂಡು ಬೇರೆಡೆಗೆ ಹೊರಟುಹೋಗಿದ್ದಳು. ಲ್ಯಾಂಗ್ ಅವಳ ಹೆಸರನ್ನು ಕೇಳಿರಲಿಲ್ಲ; ಹಾಗೆ ಕೇಳಲಿಲ್ಲವೆಂದು ಮುಂದೆ ತಾನೇ ಬರೆದಳು. ಊಟಕ್ಕಾಗಿ ಆ ಸಂಸಾರವು ಕಾರಿನ ಟೈರುಗಳನ್ನು ಮಾರಿತ್ತೆಂದು ಅವಳು ಕೊಟ್ಟ ವಿವರಣೆಯನ್ನು ಆ ಸಂಸಾರದವರು ನಿರಾಕರಿಸಿದ್ದಾರೆ. ಇನ್ನೊಬ್ಬರ ಕಥೆಯೊಂದು ಇವರ ಚಿತ್ರಕ್ಕೆ ಅಂಟಿಕೊಂಡಿತೆಂದು ಅವರ ಭಾವನೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಸರಿಲ್ಲದೆ ಲೋಕದ ಗೋಡೆಗಳ ಮೇಲೆಲ್ಲ ಇದ್ದ ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು 1978ರಲ್ಲಿ ಬೆಳಕಿಗೆ ಬಂದಿತು. ಆ ಚಿತ್ರದಿಂದ ತನಗೆ ಬಿಡಿಗಾಸೂ ದೊರೆಯಲಿಲ್ಲವೆಂದೂ, ಅದನ್ನು ತೆಗೆಯದಿದ್ದರೇ ಚೆನ್ನಾಗಿತ್ತೆಂದೂ ಆಕೆ ನೊಂದು ನುಡಿದಳು. ಅಷ್ಟಾಗಿ 1983ರಲ್ಲಿ ಆಕೆ ಮರಣಶಯ್ಯೆಯಲ್ಲಿದ್ದಾಗ ಮಕ್ಕಳು ಮಾಡಿಕೊಂಡ ಮೊರೆಗೆ ಓಗೊಟ್ಟು ಜನರು 35,000 ಡಾಲರುಗಳಿಗೂ ಮಿಕ್ಕಿ ಕಳುಹಿಸಿದರು, ಎಷ್ಟೋ ಜನ ಆ ಚಿತ್ರವನ್ನು ಸ್ಮರಿಸಿ ಕಾಗದ ಬರೆದರು. ಮಕ್ಕಳ ಮನಸ್ಸಿನಲ್ಲಿ ಆ ಚಿತ್ರದ ಬಗೆಗಿದ್ದ ಕಹಿ ಆಗ ಸ್ವಲ್ಪ ಕರಗಿತು.

ಈ ವೃತ್ತಾಂತದಿಂದ ಲ್ಯಾಂಗಳನ್ನು ಖಂಡಿಸಬೇಕೆಂದು ನಾನು ಹೊರಟಿಲ್ಲ. ಅವಳ ಅನುಕಂಪೆಯು ನಿಜವಾದುದು, ಕೃತಿಯು ಮಹತ್ತಾದುದು. ಆದರೂ ಹೆಸರನ್ನು ಕೇಳುವ ಒಂದು ನಿಮಿಷ, ಕಥೆಯು ಇವಳದೇ ಹೌದೆ ಎಂದು ನಿಶ್ಚಯಿಸಿಕೊಳ್ಳುವ ಮತ್ತೊಂದು ನಿಮಿಷ, ಇವು ಅಲ್ಲಿ ಸಲ್ಲಲಿಲ್ಲ. ಅವುಗಳ ಬೆಲೆಯನ್ನು ತೆತ್ತವಳು ಚಿತ್ರದೊಳಗಿದ್ದವಳು. ಅಂದು ಪತ್ರಿಕೆಯೊಂದರಲ್ಲಿ ಬಂದ ಚಿತ್ರವನ್ನು ಚಿತ್ರದೊಳಗಿದ್ದವರು ನೋಡದೆಯೂ ಇರಬಹುದಾಗಿತ್ತು. ಇಂದು ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಭಾವಪರವಶಳಾಗಿ ನಿಂತ ಹೆಂಗಸಿನ ಮುಖವನ್ನು ಯಾರೋ ತೆಗೆದು ಸಂಜೆ ಪ್ರಕಟಿಸಿದರೆ, ಮರುದಿನ ಅದು ಅವಳ ಅಳಿಯನ ಮೊಬೈಲಿನಲ್ಲಿರುತ್ತದೆ. ಕ್ಯಾಮೆರಾವನ್ನು ಕಂಡು ನಕ್ಕವನು ತೆಗೆಯುವುದಕ್ಕೆ ಒಪ್ಪಿದನೆಂದು ಹೇಳಬಹುದು. ಹತ್ತು ಸಾವಿರ ಅಪರಿಚಿತರಿಗೆ ತೋರಿಸುವುದಕ್ಕೂ ಒಪ್ಪಿದನೆಂದು ಹೇಳಲಾಗದು. ಎರಡಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಶಾಲೆಯ ಮಕ್ಕಳ ವಿಷಯದಲ್ಲಿ ಹೆತ್ತವರನ್ನು ಕೇಳಬೇಕು. ಘಟ್ಟದಲ್ಲಿ ಮೀಯುತ್ತಿರುವವರ, ಶವದ ಬಳಿ ಅಳುತ್ತಿರುವವರ, ಆಸ್ಪತ್ರೆಯ ಹಾಸಿಗೆಯಲ್ಲಿರುವವರ ಚಿತ್ರಗಳನ್ನು ಕೇಳುವುದಕ್ಕೆ ಅವಕಾಶವಿಲ್ಲದಿದ್ದರೆ ತೋರಿಸದೆಯೇ ಇರಬೇಕು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಮಾನಿಸಿತಷ್ಟೆ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ಕಾನೂನು ಹೇಳುವುದು ಕನಿಷ್ಠವನ್ನು. ತನ್ನ ಚಿತ್ರವನ್ನು ತೆಗೆದುಹಾಕೆಂದು ಒಬ್ಬರು ಕೇಳಿದಾಗ, ನಿಮಗೆ ಆ ಹಕ್ಕಿದೆಯೇ ಎಂದು ವಾದಿಸುವ ಛಾಯಾಗ್ರಾಹಕನ ಜೊತೆಗೆ ನನಗೆ ಸಹಮತವಿಲ್ಲ; ಮೊದಲು ತೆಗೆದುಹಾಕಿ ಆಮೇಲೆ ಮಾತನಾಡುವುದು ಸಜ್ಜನರ ಮಾರ್ಗ.

ಮನುಷ್ಯನಾದರೆ ಬೇಡವೆನ್ನಬಲ್ಲನು. ಹಕ್ಕಿಗೂ ಹಾವಿಗೂ ಆ ಶಕ್ತಿಯಿಲ್ಲ. ವನ್ಯಜೀವಿಗಳ ಛಾಯಾಚಿತ್ರಣದಲ್ಲಿ ಕರ್ನಾಟಕವು ಬಹುಕಾಲದಿಂದ ಮುಂದಿರುವುದರಿಂದ ಈ ವಿಷಯದ ಭಾರವೂ ನಮ್ಮ ಮೇಲೆ ಹೆಚ್ಚಾಗಿಯೇ ಬೀಳುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಡನೆ, ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಕಣ್ಣಿಗೆ ಕಾಣದಂತೆ ಸೇರಿಕೊಂಡಿರುತ್ತವೆ. ನಾವಾಗಿ ಆ ಏರ್ಪಾಡನ್ನು ನಿಲ್ಲಿಸದಿದ್ದರೆ, ಗೂಡಿನ ಚಿತ್ರವನ್ನು ಯಾರಿಗಾದರೂ ಕಳುಹಿಸುವುದೆಂದರೆ ಗೂಡಿನ ದಾರಿಯನ್ನೂ ಕಳುಹಿಸಿದಂತೆ. ಒಬ್ಬನು ಗೂಡನ್ನು ಕಂಡು ದೂರದಿಂದ ತೆಗೆದು ಮರಳಿದರೆ ತಾಯಿಹಕ್ಕಿ ಮತ್ತೆ ಬಂದು ಕೂರುತ್ತದೆ. ಆದರೆ ಅವನು ಸ್ಥಳವನ್ನು ಸಾರಿದ ಮೇಲೆ ವಾರದ ಕೊನೆಯಲ್ಲಿ ಬರುವ ಮೂವತ್ತು ಜನ, ಚಿತ್ರಕ್ಕೆ ಅಡ್ಡಬರುವ ಎಲೆಗಳನ್ನು ಕತ್ತರಿಸಿ, ಬಿಸಿಲಿಗೂ ಕಾಗೆಯ ಕಣ್ಣಿಗೂ ಮರಿಗಳನ್ನು ಒಡ್ಡಿ ಹೋಗುತ್ತಾರೆ. ಕಾಡುಪಾಪವೆಂಬ ಪುಟ್ಟ ಪ್ರಾಣಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿಶಾಚರಿಯಾದ ಅದರ ದೊಡ್ಡ ಕಣ್ಣುಗಳು ಮಂದ ಬೆಳಕಿಗೆ ಹೊಂದಿಕೊಂಡವು; ಪ್ರಖರವಾದ ಫ್ಲ್ಯಾಶಿನ ಬೆಳಕು ಮೇಲಿಂದ ಮೇಲೆ ಬಿದ್ದಾಗ ಅದು ಕೊಂಬೆಯ ಮೇಲೆಯೇ ದಿಗ್ಭ್ರಮೆಗೊಂಡು ನಿಲ್ಲುತ್ತದೆ. ಮಾಟಮಂತ್ರದ ಮೂಢನಂಬಿಕೆಗೆ ಬಲಿಯಾಗಿ ಅದನ್ನು ಹಿಡಿಯುವವರು ಇಂದಿಗೂ ಇದ್ದಾರೆ. ನಮ್ಮ ಬಯಲುಸೀಮೆಯ ಒಂದು ಊರಿನ ತೋಪಿನಲ್ಲಿ ಅವು ಇನ್ನೂ ಉಳಿದುಕೊಂಡಿವೆ. ಆ ಊರಿನ ಹೆಸರನ್ನು ಇಲ್ಲಿ ಬರೆಯದೆ ಬಿಡುತ್ತೇನೆ. ಅಪಾಯದಲ್ಲಿರುವ ಜೀವಿಗಳ ಚಿತ್ರ ಬಂದಾಗ ಐನ್ಯಾಚುರಲಿಸ್ಟ್ ಎಂಬ ಸಂಸ್ಥೆಯು ತಾನಾಗಿಯೇ ಸ್ಥಳವನ್ನು 20 ಕಿಲೋಮೀಟರಿಗೂ ಅಗಲವಾದ ಚೌಕವೊಂದರೊಳಗೆ ಎಲ್ಲಿಯೋ ಇದೆಯೆಂಬಂತೆ ಮಸುಕು ಮಾಡಿ ತೋರಿಸುತ್ತದೆ. ಈಬರ್ಡ್ ಸಂಸ್ಥೆಯೂ ಸೂಕ್ಷ್ಮಸ್ಥಿತಿಯ ಪಕ್ಷಿಗಳ ನೆಲೆಗಳನ್ನು ಸಾರ್ವಜನಿಕರಿಗೆ ತೋರದೆ ಮರೆಸಿಡುತ್ತದೆ. ವಿಜ್ಞಾನಕ್ಕೆ ನಿಖರವಾದ ಸ್ಥಳ ಬೇಕು, ಅದು ಸರಿ; ಅದಕ್ಕೆ ಕಡತವಿದೆ. ಚಿತ್ರದ ರಸಾಸ್ವಾದಕ್ಕೆ ಜಿಲ್ಲೆಯ ಹೆಸರೇ ಹೆಚ್ಚು.

ಜೀವಿಯ ಹಿತವು ಚಿತ್ರಕ್ಕಿಂತ ದೊಡ್ಡದೆಂಬ ಮಾತು, 1950ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಛಾಯಾಗ್ರಾಹಕ ಒಕ್ಕೂಟದ ನಿಸರ್ಗವಿಭಾಗದ ನಿಯಮಗಳಲ್ಲಿಯೂ ಸೇರಿದೆ. ಜೀವಂತ ಪ್ರಾಣಿಯನ್ನು ಆಮಿಷವಾಗಿ ಒಡ್ಡುವುದನ್ನೂ ಹಕ್ಕಿಯನ್ನು ಗೂಡಿನಿಂದ ಎತ್ತುವುದನ್ನೂ ಅದು ಅನೈತಿಕವೆಂದು ಸಾರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಸಿರು ಮಂಡಲದ ಹಾವನ್ನು ಕೋಲಿನಿಂದೆತ್ತಿ ಸುಂದರವಾದ ಕೊಂಬೆಯ ಮೇಲೆ ಕೂರಿಸಿ, ಕಪ್ಪೆಗಳನ್ನು ಹಿಡಿದು ತಂದು ಪಾಚಿಯ ಮೇಲೆ ಜೋಡಿಸಿ ತೆಗೆದ ಚಿತ್ರವನ್ನು ಸಹಜಸ್ಥಿತಿಯ ಚಿತ್ರವೆಂಬಂತೆ ತೋರಿಸುವವರು, ಆ ಜೀವಿಗೆ ಮಾಡುವ ಹಿಂಸೆಯ ಜೊತೆಗೆ ನೋಡುವವರ ವಿಶ್ವಾಸಕ್ಕೂ ದ್ರೋಹ ಮಾಡುತ್ತಾರೆ. ಬೇಲಿಯ ಬಾಗಿಲನ್ನು ಹಾರಿ ಬರುತ್ತಿರುವ ತೋಳದ ಚಿತ್ರವೊಂದಕ್ಕೆ 2009ರ ಸಾಲಿನ ‘ವರ್ಷದ ವನ್ಯಜೀವಿ ಛಾಯಾಗ್ರಾಹಕ’ ಪ್ರಶಸ್ತಿಯನ್ನು ಲಂಡನ್ನಿನಲ್ಲಿ ಕೊಟ್ಟು, ಅದು ಪಳಗಿಸಿದ ತೋಳವಾಗಿರುವುದೇ ಸಂಭವವೆಂದು ತೀರ್ಪುಗಾರರು ನಿರ್ಧರಿಸಿ, 2010ರ ಜನವರಿಯಲ್ಲಿ ಆ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಛಾಯಾಗ್ರಾಹಕರು ಆ ಆರೋಪವನ್ನು ನಿರಾಕರಿಸಿದರು. ಪಳಗಿಸಿದ ಪ್ರಾಣಿಯನ್ನು ಚಿತ್ರಿಸುವುದು ಪಾಪವೇನೂ ಅಲ್ಲ. ಚಿತ್ರದ ಕೆಳಗೆ ಅದನ್ನು ಬರೆದರಾಯಿತು. ಎರಡು ಚಿತ್ರಗಳನ್ನು ಕೂಡಿಸಿದ್ದರೆ ಕೂಡಿಸಿದೆಯೆಂದು, ಮೋಡಗಳನ್ನು ಬೇರೆಲ್ಲಿಂದಲೋ ತಂದಿದ್ದರೆ ತಂದಿದೆಯೆಂದು, ಯಂತ್ರದ ಬುದ್ಧಿಯಿಂದ ಹುಟ್ಟಿಸಿದ್ದರೆ ಹಾಗೆಂದು ಹೇಳುವುದರಿಂದ ಯಾವ ಕಲೆಯೂ ಕುಂದುವುದಿಲ್ಲ.

ಸಂಯಮವನ್ನು ಇಷ್ಟಾಗಿ ಎತ್ತಿಹೇಳಿದರೆ ನಾಚಿಕೆಯ ಸ್ವಭಾವದವರು ಏನನ್ನೂ ತೋರಿಸದೆ ಹೋದಾರು ಎಂಬ ಭಯ ಕೆಲವರಿಗೆ ಉಂಟಾಗಬಹುದು. ಷಿಕಾಗೊ ನಗರದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದ ವಿವಿಯನ್ ಮೇಯರ್ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು, ಬಹುಮಟ್ಟಿಗೆ ಯಾರಿಗೂ ತೋರಿಸದೆ, ನೂರಾರು ರೋಲುಗಳನ್ನು ತೊಳೆಯಿಸದೆಯೇ ಪೆಟ್ಟಿಗೆಗಳಲ್ಲಿಟ್ಟಿದ್ದಳು. ಬಾಡಿಗೆ ಸಲ್ಲದ ಕಾರಣ ಆ ಪೆಟ್ಟಿಗೆಗಳು 2007ರಲ್ಲಿ ಹರಾಜಾದವು. 2009ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ನೆಗೆಟಿವುಗಳನ್ನು ಕೊಂಡಿದ್ದ ಜಾನ್ ಮಲೂಫ್ ಎಂಬ ಯುವಕನು ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲವನ್ನು ಫ್ಲಿಕರಿನ ಬೀದಿ ಛಾಯಾಗ್ರಾಹಕರ ಗುಂಪೊಂದರ ಮುಂದಿಟ್ಟು, ಇವನ್ನು ಏನು ಮಾಡಬೇಕೆಂದು ಕೇಳಿದನು. ಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆಯೇ ಸೇರಿಸಿಕೊಳ್ಳುತ್ತಿದ್ದ ನಿಷ್ಠುರವಾದ ಗುಂಪು ಅದು. ಅಂಥ ಕಣ್ಣುಗಳು ಅಲ್ಲಿ ಇದ್ದುದರಿಂದಲೇ ಆ ಪ್ರಶ್ನೆಗೆ ಸರಿಯಾದ ಸ್ಥಳದಲ್ಲಿ ಉತ್ತರ ದೊರೆಯಿತು. ಆದರೂ ನಾವು ಇಂದು ಗ್ರಂಥಗಳಲ್ಲಿ ನೋಡುವ ಮೇಯರಳು ಬೇರೆಯವರು ಆರಿಸಿದ ಮೇಯರಳು. ಯಾವುದನ್ನು ಮುಂದಿಡುತ್ತಿದ್ದಳು, ಯಾವುದನ್ನು ಯಾವುದರ ಪಕ್ಕದಲ್ಲಿ ಇಡುತ್ತಿದ್ದಳು ಎಂಬ ಅವಳ ಅರ್ಧಕಲೆ ಅವಳೊಡನೆಯೇ ಹೋಯಿತು. ಎಲ್ಲವನ್ನೂ ತೋರಿಸುವವನಲ್ಲಿಯೂ ಏನನ್ನೂ ತೋರಿಸದವಳಲ್ಲಿಯೂ ನಷ್ಟವಾಗುವುದು ಒಂದೇ, ಕರ್ತೃವಿನ ತೀರ್ಮಾನ.

ಕಲಿಯುವವರ ಮಾತು ಬೇರೆ. ಒಳ್ಳೆಯದನ್ನು ಮಾತ್ರ ತೋರಿಸಬೇಕೆಂಬ ನಿಯಮವನ್ನು ಅವರ ಮೇಲೆ ಹೇರಿದರೆ ಅವರು ಕಲಿಯುವುದು ಹೇಗೆ? ಅವರು ತೋರಿಸಬೇಕಾದುದು ತಮಗೆ ಸಂಶಯವಿರುವ ಚಿತ್ರವನ್ನು. ಒಂದೇ ಚಿತ್ರ, ಅದರೊಡನೆ ಒಂದು ಪ್ರಶ್ನೆ. ನಮ್ಮ ಅಂಗಳದಲ್ಲಿ ಅಜ್ಜಿ ರಾಗಿ ಕೇರುತ್ತಿದ್ದಾಗ ತೆಗೆದೆ, ಆಕಾಶವೆಲ್ಲ ಬೆಳ್ಳಗಾಗಿ ಅಜ್ಜಿಯ ಮುಖ ಕಪ್ಪಾಗಿದೆ, ಏನು ಮಾಡಬೇಕಾಗಿತ್ತು ಎಂದು ಕೇಳಿದವನಿಗೆ, ಬಳಗದ ಹಿರಿಯನೊಬ್ಬನು ಹತ್ತು ನಿಮಿಷ ಕುಳಿತು ಉತ್ತರ ಬರೆಯಬೇಕು: ಆಕಾಶದ ಬೆಳಕೂ ನೆರಳಿನಲ್ಲಿರುವ ಮುಖದ ಬೆಳಕೂ ಒಂದೇ ಚಿತ್ರದಲ್ಲಿ ಹಿಡಿಯಲಾರದಷ್ಟು ದೂರವಿದ್ದವು, ಎರಡು ಹೆಜ್ಜೆ ಬಲಕ್ಕೆ ಸರಿದು ಹಿಂಬದಿಗೆ ಮಣ್ಣಿನ ಗೋಡೆ ಬರುವಂತೆ ನಿಂತು, ಬೆಳಕನ್ನು ಮುಖದಿಂದ ಅಳೆದಿದ್ದರೆ ಆಗುತ್ತಿತ್ತು, ಇಲ್ಲವೆ ನಾಲ್ಕೂವರೆಯ ಮೇಲೆ ಬಿಸಿಲು ಓರೆಯಾಗಿ ಅಂಗಳಕ್ಕೆ ಇಳಿದಾಗ ತೆಗೆಯಬೇಕು, ಮೊರದಿಂದ ಹಾರುವ ಹೊಟ್ಟು ಆ ಹೊತ್ತಿನಲ್ಲಿ ಬೆಳಕನ್ನು ಹಿಡಿಯುತ್ತದೆ, ಅದಕ್ಕೆ ಶಟರಿನ ವೇಗವನ್ನು ಸೆಕೆಂಡಿನ ಐನೂರನೆಯ ಒಂದು ಭಾಗಕ್ಕೆ ಏರಿಸಿಕೋ, ಮತ್ತು ಈ ಚಿತ್ರವನ್ನು ನಮಗೆ ತೋರಿಸುವ ಮುನ್ನ ಅಜ್ಜಿಗೆ ತೋರಿಸಿದೆಯೋ ಇಲ್ಲವೋ ತಿಳಿಸು.